ಬಿಂದಿಗೆಯೊಳಗಿನ ಮಗ್ಗ

ಸದ್ದಾದರೆ ಎಚ್ಚರವಾಗುವವರ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ. ಸದ್ದು ನಿಂತರೆ ಎಚ್ಚರವಾಗುವವರ ಬದುಕಿನಲ್ಲಿ ವಾರಕ್ಕೊಂದಾದರೂ ನಡೆಯುತ್ತದೆ. ನಾನು ಎರಡನೆಯವರ ಪೈಕಿ.

ನಾನು ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ. ನಮ್ಮದು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಟಕ್ ಎಂದು ಲಾಳಿ ಓಡುತ್ತದೆ, ಧಡ್ ಎಂದು ಹಲಗೆ ಬಡಿಯುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಟಕ್, ಧಡ್. ಅದರ ಪಕ್ಕದಲ್ಲೇ ಕೂತು ನಾನು ರೇಷ್ಮೆ ದಾರ ಸುತ್ತುತ್ತಿದ್ದೆ, ಸುತ್ತುತ್ತಲೇ ತೂಕಡಿಸುತ್ತಿದ್ದೆ. ಆಗೆಲ್ಲ ನೇಯುತ್ತಿದ್ದ ನಮ್ಮಣ್ಣ ತಿರುಗಿ ಕೂಡ ನೋಡದೆ ಗದರುತ್ತಿದ್ದ: "ಎದ್ದೇಳು! ಮಲಗಾಕೆ ಬಂದೀಯೇನು ಇಲ್ಲಿ?"

ನಮ್ಮ ಓಣಿಯಲ್ಲಿ ಮಗ್ಗ ನಿಲ್ಲುತ್ತಿದ್ದದ್ದು ಎರಡಕ್ಕೆ ಮಾತ್ರ. ಒಂದು ಅಮಾವಾಸ್ಯೆ. ಇನ್ನೊಂದು, ಓಣಿಯಲ್ಲಿ ಯಾರಾದರೂ ಸತ್ತರೆ. ಹೆಣ ಎತ್ತುವವರೆಗೆ ಯಾವ ಮನೆಯಲ್ಲೂ ಲಾಳಿ ಓಡುತ್ತಿರಲಿಲ್ಲ. ಹಾಗಾಗಿ ನಡುಹಗಲಲ್ಲಿ ಒಂದೊಂದಾಗಿ ಮಗ್ಗಗಳು ನಿಲ್ಲುತ್ತಾ ಬಂದರೆ ಅವ್ವ ಒಲೆ ಮುಂದಿನಿಂದ ಎದ್ದು ಬಾಗಿಲಿಗೆ ಬಂದು ಕೇಳುತ್ತಿದ್ದ ಮಾತು ಒಂದೇ: "ಯಾರು ಸತ್ತರು?" ಜನ ದೆವ್ವದ ಸದ್ದಿಗೆ ಹೆದರುತ್ತಾರೆ. ನನಗೆ ಇವತ್ತಿಗೂ ಹೆದರಿಕೆಯಾಗುವುದು ಸದ್ದೇ ಇಲ್ಲದಿದ್ದಾಗ.

೧. ಬಿ.ಜಿ. ಕೆರೆಯಲ್ಲಿ ಸತ್ತವರು

ಬಸ್ಸು ಹತ್ತಿದರೆ ನನಗೆ ತೊಟ್ಟಿಲಿಗೆ ಹಾಕಿದ ಹಾಗೆ. ಇಂಜಿನ್ನು ಗುಡುಗುತ್ತಿರಬೇಕು, ಕಿಟಕಿ ಗಾಜು ಅಲುಗುತ್ತಿರಬೇಕು, ಅಷ್ಟು ಸಾಕು. ಸೀರೆ ಗಂಟು ಹೊತ್ತು ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಮಾರಾಟಕ್ಕೆ ಓಡಾಡುತ್ತಿದ್ದ ಕಾಲದಲ್ಲಿ ನನ್ನ ಜೀವಮಾನದ ಒಳ್ಳೆಯ ನಿದ್ದೆಗಳೆಲ್ಲ ಆ ರಸ್ತೆಯ ಮೇಲೇ ಆಗಿವೆ.

ಒಂದು ಮಧ್ಯಾಹ್ನ ಬಿ.ಜಿ. ಕೆರೆಯಲ್ಲಿ ಡ್ರೈವರು ಇಂಜಿನ್ನು ಆಫ್ ಮಾಡಿ ಇಳಿದ. ಬಸ್ಸೆಲ್ಲ ಬಿಸಿಲಿಗೆ ಬಾಡಿ ಕೂತಿತ್ತು, ಒಬ್ಬರೂ ಪಿಟ್ಟೆನ್ನುತ್ತಿರಲಿಲ್ಲ. ಆ ಮೌನ ನನ್ನ ಎದೆಯ ಮೇಲೆ ಕಲ್ಲಿನ ಹಾಗೆ ಬಿತ್ತು. ಕಣ್ಣು ಬಿಡುವ ಮೊದಲೇ ಎದ್ದು ನಿಂತು ಕೂಗಿದೆ: "ಯಾರು ಸತ್ತರು?"

ಮುಂದಿನ ಸೀಟಿನ ಮುದುಕಿ ಯಾರು ಏನು ಎಂದು ಕೇಳದೆ ಸೆರಗು ಬಾಯಿಗಿಟ್ಟು ಅಳಲು ಶುರು ಮಾಡಿದಳು. ಹಿಂದಿನವರು ಕಿಟಕಿಯಿಂದ ತಲೆ ಹಾಕಿ ಚಕ್ರದ ಕೆಳಗೆ ನೋಡಿದರು. ಕಂಡಕ್ಟರ್ ಓಡಿಬಂದ.

"ಯಾರೂ ಸತ್ತಿಲ್ಲ ಕಣಮ್ಮ, ಡ್ರೈವರ್ ಟೀ ಕುಡಿಯಾಕೆ ಹೋಗ್ಯಾನೆ! ನೀವು ಇನ್ನೊಂದು ಸಲ ಹಿಂಗೆ ಕೂಗಿದ್ರೆ ನಾನು ಸಾಯ್ತೀನಿ."

೨. ಬೋರ್ಡು

ಗಂಟು ಹೊತ್ತ ಹೆಗಲಿನಿಂದಲೇ ಚಳ್ಳಕೆರೆಯಲ್ಲಿ ಮನೆ ಕಟ್ಟಿದೆ. ಯಾರ ಕೈಯನ್ನೂ ಹಿಡಿಯಲಿಲ್ಲ. ಮೇಲ್ಗಡೆ ಒಂದು ದೊಡ್ಡ ಹಾಲ್ ಕಟ್ಟಿಸಿ, ಪರೀಕ್ಷೆಗೆ ಓದುವವರಿಗೆಂದು ಇಪ್ಪತ್ತು ಕುರ್ಚಿ ಮೇಜು ಇಟ್ಟು, ಓದುವ ಮನೆ ಮಾಡಿದೆ. ಕೆಳಗಡೆ ನಾನು ಒಬ್ಬಳೇ.

ಶಾಲೆಗೆ ಹೋದವಳಲ್ಲ ನಾನು. ಸೀರೆ ಸುತ್ತಿ ಕೊಡುತ್ತಿದ್ದ ಹಳೇ ಪೇಪರಿನಲ್ಲಿ, ಆ ಟಕ್ ಧಡ್‌ಗಳ ನಡುವೆ, ಅಕ್ಷರಕ್ಕೆ ಅಕ್ಷರ ಸೇರಿಸಿ ಕಲಿತವಳು. ಆದ್ದರಿಂದಲೇ ನನಗೊಂದು ಹಟವಿತ್ತು. ನನಗೆ ಸಿಗದ ಮೌನ ಇವರಿಗೆ ಸಿಗಬೇಕು. ಹೊರಗಿನಿಂದ ಹತ್ತುವ ಮೆಟ್ಟಿಲ ಮೇಲೆ, ಅಂಗೈ ಅಗಲದ ಅಕ್ಷರಗಳಲ್ಲಿ ನಾನೇ ಬೋರ್ಡು ಬರೆದೆ: "ಸದ್ದು ಮಾಡುವವರಿಗೆ ಇಲ್ಲಿ ಜಾಗವಿಲ್ಲ."

ಬರೆದ ಮೇಲೆ ನಡೆಸಬೇಕಲ್ಲ. ನಿಪ್ಪಟ್ಟು ಕಡಿದವನನ್ನು ಹೊರಗೆ ಕಳಿಸಿದೆ. ಗೆಜ್ಜೆ ಇದ್ದ ಕಾಲುಂಗುರದವಳಿಗೆ ಕಾಲಿಗೆ ಬಟ್ಟೆ ಸುತ್ತಿಕೊಳ್ಳಲು ಹೇಳಿದೆ. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತದೆಂದು ಅದನ್ನೂ ಇಳಿಸಿದೆ.

ಆರು ವರ್ಷದಿಂದ ಪರೀಕ್ಷೆ ಬರೆಯುತ್ತಲೇ ಇದ್ದ ಒಬ್ಬರಿದ್ದರು. ಮದುವೆಯಾಗಿತ್ತು, ಮಗಳು ಶಾಲೆಗೆ ಹೋಗುತ್ತಿದ್ದಳು, ಇವರ ಪರೀಕ್ಷೆ ಮಾತ್ರ ಮುಗಿದಿರಲಿಲ್ಲ. ಅವರನ್ನು ಎಲ್ಲರೂ ಹಿರಿಯರು ಎಂದೇ ಕರೆಯುತ್ತಿದ್ದರು. ಊಟವಾದ ಮೇಲೆ ಮೇಜಿನ ಮೇಲೆ ತಲೆಯಿಟ್ಟರೆ ಸಂಜೆಯ ಟೀಗೇ ಎತ್ತುತ್ತಿದ್ದದ್ದು. ಅವರು ಒಂದು ದಿನ ಕೇಳಿದರು: "ಅಮ್ಮಾ, ಉಸಿರಾಡಬಹುದಾ?"

"ಮೂಗಿನಲ್ಲಿ ಆಡಿ," ಎಂದೆ.

೩. ಬಿಸಿಲಲ್ಲಿ ಮಳೆ

ಆ ಮೌನ ಮೇಲಿನಿಂದ ಇಳಿದು ನನ್ನ ಕೋಣೆಗೇ ಬಂತು. ಮಲಗಿದರೆ ಕಿವಿಯಲ್ಲಿ ನನ್ನದೇ ರಕ್ತ ಓಡುವುದು ಕೇಳುತ್ತಿತ್ತು. ರಾತ್ರಿ ಹೋಗಲಿ, ಮಧ್ಯಾಹ್ನ ಎರಡು ಗಂಟೆ ಅಡ್ಡಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಊಟ ರುಚಿಸಲಿಲ್ಲ, ಪುಸ್ತಕ ಹಿಡಿದರೆ ಸಾಲು ಹಾರುತ್ತಿತ್ತು.

ಮೇಲೆ ಓದುತ್ತಿದ್ದ ದೊಡ್ಡಉಳ್ಳಾರ್ತಿಯ ಹುಡುಗಿಯೊಬ್ಬಳು, ಟೀಚರ್ ಪರೀಕ್ಷೆಗೆ ಕೂತವಳು, ನನ್ನ ಕಣ್ಣು ನೋಡಿ ಗುಟ್ಟಾಗಿ ಕೇಳಿದಳು. ಅವಳೊಬ್ಬಳಿಗೆ ಹೇಳಿದೆ.

"ಅಯ್ಯೋ, ಅದಕ್ಕೆ ಮೊಬೈಲ್‌ನಾಗೆ ಸದ್ದು ಸಿಗ್ತಾವೆ ಅಮ್ಮ. ನಿದ್ದೆಗೆ ಬೇರೆ, ಓದಾಕೆ ಬೇರೆ, ಮನಸ್ಸಿಗೆ ಸಮಾಧಾನ ಆಗಾಕೆ ಬೇರೆ. ಮಳೆ ಹಾಕ್ಕೊಡ್ತೀನಿ. ಎಲ್ಲಾರೂ ಮಳೆಗೇ ಮಲಗೋದು."

ಎಲ್ಲಾರೂ ಅಂದರೆ ಮಳೆ ಕಾಣದ ಚಳ್ಳಕೆರೆಯವರಲ್ಲ ಎಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಧ್ಯಾಹ್ನ ಮಳೆ ಹಾಕಿಕೊಂಡು ಮಲಗಿದೆ. ಜೊಂಪು ಹತ್ತಿದ್ದೇ ತಡ ನನ್ನೊಳಗಿನ ಯಾವುದೋ ಹೆಂಗಸು ಚೀರಿದಳು: ಸಂಡಿಗೆ! ಎದ್ದವಳೇ ಬರಿಗಾಲಲ್ಲಿ ಮಾಳಿಗೆಗೆ ಓಡಿದೆ. ಬಾಚಿ ಬಾಚಿ ಸಂಡಿಗೆ ಸೆರಗಿಗೆ ತುಂಬಿದೆ. ಅಂಗಾಲು ಸುಟ್ಟಾಗಲೇ ತಲೆ ಎತ್ತಿದ್ದು. ಆಕಾಶದಲ್ಲಿ ಒಂದು ಮೋಡವಿಲ್ಲ. ಉರಿಬಿಸಿಲು. ಕಿವಿಯಲ್ಲಿ ಮಾತ್ರ ಇನ್ನೂ ಧೋ ಎಂದು ಮಳೆ.

ಪಕ್ಕದ ಮಾಳಿಗೆಯಿಂದ ನೆರೆಮನೆಯಾಕೆ ನೋಡುತ್ತಿದ್ದಳು. "ಏನಕ್ಕಾ, ಇನ್ನೂ ಹಸಿ ಅದಾವೆ, ಎತ್ತುತೀರಲ್ಲ?"

ಸೋಲೊಪ್ಪುವವಳಲ್ಲ ನಾನು. "ಅರ್ಧ ಒಣಗಿದಾಗ ಎತ್ತಿ ಡಬ್ಬಿಗೆ ಹಾಕಬೇಕು. ಆಗಲೇ ಹೂವಿನಂಗೆ ಅರಳೋದು. ಹೊಸ ಪದ್ಧತಿ," ಎಂದೆ.

ಮರುದಿನ ಆಕೆಯೂ ಎತ್ತಿದಳು. ವಾರಕ್ಕೆ ಎರಡೂ ಮನೆಯ ಸಂಡಿಗೆಗೆ ಬೂಸ್ಟು ಬಂತು. ನನ್ನದನ್ನು ಗುಟ್ಟಾಗಿ ಹೂತೆ. ಆಕೆ ಬಂದು ಕೈ ಹಿಡಿದುಕೊಂಡು, "ನನ್ನ ಕೈಗುಣವೇ ಸರಿಯಿಲ್ಲ ಬಿಡಕ್ಕಾ, ನಿಮ್ಮ ಪದ್ಧತಿ ಎಲ್ಲಾರಿಗೂ ಒಗ್ಗಲ್ಲ," ಎಂದಳು.

೪. ಮಂಚದ ಕೆಳಗೆ

ಮಳೆ ಆಗದು ಎಂದ ಮೇಲೆ ಹುಡುಗಿ ಸಮುದ್ರ ಹಾಕಿಕೊಟ್ಟಳು. ಸಮುದ್ರವನ್ನು ನಾನು ಚಿತ್ರದಲ್ಲಿ ಕಂಡಿದ್ದೇನೆ, ಕೇಳಿದವಳಲ್ಲ. ರಾತ್ರಿ ಮೊಬೈಲನ್ನು ಮಂಚದ ಕೆಳಗಿಟ್ಟು ದೀಪ ಆರಿಸಿ ಮಲಗಿದೆ.

ಸ್ವಲ್ಪ ಹೊತ್ತಿಗೆ ಅದು ಅಲೆಯಾಗಿ ಉಳಿಯಲಿಲ್ಲ. ಯಾರೋ ಉಸಿರಾಡುತ್ತಿದ್ದರು. ದೊಡ್ಡ ಎದೆಯವರು. ನಿಧಾನವಾಗಿ ಒಳಗೆ ಎಳೆದುಕೊಳ್ಳುತ್ತಾರೆ, ತಡೆದು ನಿಲ್ಲಿಸುತ್ತಾರೆ, ಹೊರಗೆ ಬಿಡುತ್ತಾರೆ. ಕೇಳೋಣವೆಂದು ನಾನು ಉಸಿರು ಬಿಗಿಹಿಡಿದೆ. ಅದೂ ಬಿಗಿಹಿಡಿಯಿತು. ನಾನು ಬಿಟ್ಟೆ. ಅದೂ ಬಿಟ್ಟಿತು. ಮೊಬೈಲು ನಾನೇ ಇಟ್ಟದ್ದು, ಸಮುದ್ರ ನಾನೇ ಹಾಕಿದ್ದು, ಎಲ್ಲವೂ ಗೊತ್ತು. ಆದರೂ ಆರಿಸಲು ಮಂಚದ ಕೆಳಗೆ ಕೈ ಹಾಕಬೇಕಲ್ಲ! ಹಾಕಲಿಲ್ಲ. ಲಟ್ಟಣಿಗೆ ಹಿಡಿದು ಬೆಳಗಿನವರೆಗೆ ಅಡಿಗೆಮನೆ ಬಾಗಿಲಲ್ಲಿ ಕೂತಿದ್ದೆ.

ಬೆಳಿಗ್ಗೆ ಹುಡುಗಿ ನಕ್ಕಳು. "ಅದು ಸಮುದ್ರ ಅಮ್ಮಾ, ಏನೂ ಮಾಡಲ್ಲ."

"ಸಮುದ್ರವೇ ಇರಲಿ," ಎಂದೆ. "ಇಷ್ಟು ದೂರ ಬಂದು ನನ್ನ ಮಂಚದ ಕೆಳಗೆ ಯಾಕೆ ಮಲಗಬೇಕು?"

೫. ಹೊಸ ಅಂಗಿ

ಕೊನೆಗೆ ನನಗೆ ಬೇಕಾದ ಸದ್ದು ಎಲ್ಲಿದೆ ಎಂದು ಗೊತ್ತಿದ್ದೂ ಸುತ್ತಾಡುತ್ತಿದ್ದೇನೆ ಅನ್ನಿಸಿತು. ಮೊಳಕಾಲ್ಮೂರಿಗೆ ಹೋದೆ. ಅಣ್ಣನಿಗೆ ಎಪ್ಪತ್ತು ದಾಟಿದೆ, ಮಗ್ಗ ಬಿಟ್ಟಿಲ್ಲ.

"ಎಲ್ಲಾರೂ ಸೀರೆಗೆ ಬರ್ತಾರೆ. ನೀನು ಸದ್ದಿಗೆ ಬಂದೀಯಲ್ಲೇ ತಂಗಿ," ಎಂದು ನಕ್ಕ. ಆದರೆ ರೆಕಾರ್ಡ್ ಎಂದ ಕೂಡಲೇ ಒಳಗೆ ಹೋದ. ಮುಖ ತೊಳೆದು, ತಲೆ ಬಾಚಿ, ಹೊಸ ಬಿಳೀ ಅಂಗಿ ಹಾಕಿಕೊಂಡು ಬಂದು ಮಗ್ಗಕ್ಕೆ ಕೂತ.

"ಅಣ್ಣಾ, ಇದ್ರಾಗೆ ಸದ್ದು ಮಾತ್ರ ಬರೋದು. ನೀನು ಕಾಣಲ್ಲ."

"ಕಾಣದಿದ್ರೆ ಏನು, ಹಳೇ ಅಂಗಿ ಹಾಕ್ಕೊಂಡು ನೇಯ್ದ್ರೆ ಸದ್ದು ಹಳೇದಾಗಿ ಬರಲ್ವಾ?"

ಮೊಬೈಲನ್ನು ಗುಂಡಿಯ ಅಂಚಿಗಿಟ್ಟು, ಪಕ್ಕದಲ್ಲಿ ಚಾಪೆ ಹಾಸಿ ಸುಮ್ಮನೆ ಕೂತೆ. ಟಕ್, ಧಡ್. ಹತ್ತು ಸಲ ಎಣಿಸಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು, ಮೊಬೈಲು ಇನ್ನೂ ರೆಕಾರ್ಡ್ ಮಾಡುತ್ತಿತ್ತು, ಅಣ್ಣ ಅದೇ ಅಂಗಿಯಲ್ಲಿ ಬೆವರಿ ಒದ್ದೆಯಾಗಿ ಇನ್ನೂ ನೇಯುತ್ತಿದ್ದ.

"ನಿಲ್ಸು ಅಂತ ನೀನು ಹೇಳ್ಲೇ ಇಲ್ಲ!" ಎಂದ.

೬. ಮುಚ್ಚಿದ ಮಿಲ್ಲು

ಚಳ್ಳಕೆರೆಗೆ ಬಂದು ಆ ಸದ್ದನ್ನು ಮೊಬೈಲಿನಲ್ಲಿ ಹಾಕಿದರೆ ತಗಡು ಬಡಿದ ಹಾಗಿತ್ತು. ಗುಂಡಿಯ ಗಾಂಭೀರ್ಯವಿಲ್ಲ. ಯೋಚಿಸಿ, ಅವ್ವನ ತಾಮ್ರದ ಬಿಂದಿಗೆಯೊಳಗೆ ಮೊಬೈಲು ಇಳಿಸಿದೆ. ಅಬ್ಬಾ! ನೆಲದೊಳಗಿಂದ ಎದ್ದು ಬಂದ ಹಾಗೆ ಟಕ್, ಧಡ್. ಬಿಂದಿಗೆಯನ್ನು ಮೆಟ್ಟಿಲ ಕೆಳಗಿನ ಗೂಡಿಗೆ ತಳ್ಳಿ, ಊಟ ಮುಗಿಸಿ ಎರಡಕ್ಕೆ ಮಲಗಿದವಳು ನಾಲ್ಕಕ್ಕೆ ಎದ್ದೆ. ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತು.

ಮೂರನೇ ದಿನ ಸಂಜೆ ಹಿರಿಯರು ಇಳಿದು ಬಂದರು. "ಅಮ್ಮಾ, ಮಧ್ಯಾಹ್ನ ಕೆಳಗೆ ಏನೋ ಬಡೀತೈತೆ. ಎಲ್ಲಿಂದ ಅಂತ ಗೊತ್ತಾಗಲ್ಲ. ಕಾಲ ಕೆಳಗೇ ಬಂದಂಗೆ ಆಗ್ತೈತೆ."

ನನ್ನ ತಲೆಯ ಮೇಲೆಯೇ ನನ್ನ ಬೋರ್ಡು. ಉಸಿರಿಗೂ ನಿಯಮ ಮಾಡಿದವಳು ನಾನು. ನಾನೇ ಸದ್ದು ಮಾಡಿದೆ ಎಂದರೆ ನಾಳೆ ಎಲ್ಲರೂ ನಿಪ್ಪಟ್ಟು ತರುತ್ತಾರೆ. "ಹಿಂದಿನ ಬೀದಿ ಎಣ್ಣೆ ಮಿಲ್ಲು," ಎಂದುಬಿಟ್ಟೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಆ ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯ್ತಲ್ಲಮ್ಮ."

ಮುಚ್ಚಿದ ಮಿಲ್ಲು ಹಗಲು ಹೊತ್ತು ಓಡುತ್ತದೆ ಎಂದು ಮೂರು ಜನ ಆ ವಾರವೇ ಪುಸ್ತಕ ಕಟ್ಟಿಕೊಂಡು ಹೋದರು. ಸದ್ದು ನಿಲ್ಲಿಸಿ ನೋಡಿದೆ, ಎರಡು ದಿನ ಕಣ್ಣು ಮುಚ್ಚಲಿಲ್ಲ. ಮತ್ತೆ ಹಾಕಿದೆ. ಇನ್ನೂ ಐದು ಜನ ಹೋದರು. ಇಪ್ಪತ್ತರಲ್ಲಿ ಹನ್ನೆರಡು ಜನ ಉಳಿದರು. ಕಟ್ಟಿದ ಓದುವ ಮನೆ ಕಣ್ಣೆದುರೇ ಖಾಲಿಯಾಗುತ್ತಿತ್ತು. ಬಾಯಿ ಬಿಟ್ಟರೆ ಬೋರ್ಡು ಹೋಗುತ್ತದೆ, ಬಿಡದಿದ್ದರೆ ಕುರ್ಚಿಗಳು ಹೋಗುತ್ತವೆ.

ನಿದ್ದೆ ಸಾಲದೆ ಸದ್ದನ್ನು ಇನ್ನಷ್ಟು ಜೋರು ಮಾಡಿ ಮಲಗಿದ ಮಧ್ಯಾಹ್ನವೇ ಹಿರಿಯರು ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಬಂದು ನನ್ನ ಬಾಗಿಲು ಬಡಿದರು. ನಿದ್ದೆಯಿಂದೆದ್ದು ಹೊರಬಂದೆ. "ಅಮ್ಮಾ, ಮಾತಾಡ್ತು! ಗಂಡಸಿನ ದನಿ!"

"ಯಾವ ಗಂಡಸು? ಕೆಳಗಡೆ ಗಂಡಸೇ ಇಲ್ಲ."

"ಅದಕ್ಕೇ ಅಲ್ವೇನಮ್ಮ ಓಡಿ ಬಂದಿದ್ದು!"

ಮಗ್ಗದ ಸದ್ದು ನನ್ನದು. ದನಿ ನನ್ನದಲ್ಲ. ಏನಂತು ಎಂದು ಕೇಳಿದೆ.

"ತಲೆ ಹಿಂಗೆ ಮೇಜಿನ ಮೇಲೆ ಇಟ್ಟಿದ್ದೆ. ನೆಲದೊಳಗಿಂದ ಎರಡು ಸಲ ಕೆಮ್ಮು ಬಂತು. ಆಮೇಲೆ, 'ಎದ್ದೇಳು! ಮಲಗಾಕೆ ಬಂದೀಯೇನು ಇಲ್ಲಿ?' ಅಂತು. ನಾನು ಮಲಗಿರೋದು ಅದಕ್ಕೆ ಹೆಂಗೆ ಕಾಣ್ತು?"

೭. ಅಮಾವಾಸ್ಯೆ

ಆ ಮಾತು ಜಗತ್ತಿನಲ್ಲಿ ಒಬ್ಬನದೇ. ಮೊಳಕಾಲ್ಮೂರಿನಲ್ಲಿರುವವನು ಚಳ್ಳಕೆರೆಯ ನೆಲದೊಳಗಿಂದ ಹೇಗೆ ಮಾತಾಡಿಯಾನು? ಒಂದೇ ದಾರಿಯಲ್ಲಿ. ಅಣ್ಣನಿಗೆ ಫೋನು ಮಾಡಿದೆ. ಹೊಡೆದುಕೊಂಡೇ ಹೊಡೆದುಕೊಂಡಿತು, ಎತ್ತಲಿಲ್ಲ. ಮರುದಿನ ಮೊದಲ ಬಸ್ಸು ಹತ್ತಿದೆ. ನನ್ನ ಜೀವಮಾನದಲ್ಲಿ ಆ ರಸ್ತೆಯಲ್ಲಿ ನಿದ್ದೆ ಮಾಡದ ಒಂದೇ ದಿನ ಅದು.

ಓಣಿಯ ಬಾಯಿಗೆ ಬಂದೆ. ಒಂದು ಮಗ್ಗವೂ ಓಡುತ್ತಿಲ್ಲ. ಮೊದಲ ಮನೆ, ಎರಡನೇ ಮನೆ, ಎಲ್ಲೂ ಸದ್ದಿಲ್ಲ. ಅಣ್ಣನ ಮನೆ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ, ಮಗ್ಗದ ಪಕ್ಕದ ಚಾಪೆಯ ಮೇಲೆ, ತಲೆಯಿಂದ ಕಾಲಿನವರೆಗೆ ಬಿಳೀ ಪಂಚೆ ಹೊದಿಸಿ ಅವನನ್ನು ಮಲಗಿಸಿದ್ದರು.

ನಾನು ಕಾಲ ಬಳಿ ಕುಸಿದು ಬಿದ್ದು ಅತ್ತ ಅಳುವಿಗೆ ಓಣಿ ಓಡಿಬಂತು. "ಏಮೈಂದಿ, ಏಮೈಂದಮ್ಮಾ?" ಎಂದು, ಏನಾಯಿತೆಂದು ಕೇಳುತ್ತ, ಎದುರುಮನೆಯ ತೆಲುಗಿನಾಕೆಯೂ ಎದೆ ಬಡಿದುಕೊಳ್ಳುತ್ತ ಬಂದಳು.

ಪಂಚೆ ಸರಿಯಿತು. ಹೆಣ ಕಣ್ಣುಜ್ಜಿಕೊಂಡು ಎದ್ದು ಕೂತಿತು.

"ತಿಂಗಳಿಗೆ ಒಂದು ಅಮಾವಾಸ್ಯೆ. ಅವತ್ತಾದ್ರೂ ನೊಣ ಕೂರದಂಗೆ ಮಲಗಾಕೆ ಬಿಡಲ್ವೇನೇ ನೀನು?"

ನಿದ್ದೆಗೆಟ್ಟ ಗಾಬರಿಯಲ್ಲಿ ಅಮಾವಾಸ್ಯೆಯನ್ನೇ ಮರೆತಿದ್ದೆ. ಅಳು ನಿಲ್ಲಿಸಿ ಬೈಯತೊಡಗಿದೆ. ಫೋನು ಯಾಕೆ ಎತ್ತಲಿಲ್ಲ ಎಂದರೆ ಅಕ್ಕಿ ಡಬ್ಬಿಯಲ್ಲಿ ಇಟ್ಟು ಮರೆತಿದ್ದನಂತೆ. ದನಿಯ ಕಥೆ ಹೇಳಿದೆ. ಅವನು ನನ್ನ ಮೊಬೈಲು ತೆಗೆಸಿ ರೆಕಾರ್ಡ್ ಮುಂದಕ್ಕೆ ಓಡಿಸಿದ. ನಲವತ್ತನೇ ನಿಮಿಷಕ್ಕೆ ಎರಡು ಕೆಮ್ಮು, ಆಮೇಲೆ ಸ್ಪಷ್ಟವಾಗಿ ಅದೇ ಗದರಿಕೆ. ರೆಕಾರ್ಡ್ ಮಾಡುವಾಗಲೂ ನಾನು ನಿದ್ದೆ, ಕೇಳುವಾಗಲೂ ನಿದ್ದೆ. ನಲವತ್ತನೇ ನಿಮಿಷವನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ.

"ಚಾಪೆ ಮ್ಯಾಲೆ ಗೊರಕೆ ಹೊಡೀತಿದ್ದೆ, ಬೈದೆ," ಎಂದ ಅಣ್ಣ. "ನೀನು ಏಳಲಿಲ್ಲ. ಚಳ್ಳಕೆರೆಯಾಗೆ ಇನ್ಯಾರೋ ಎದ್ರು ನೋಡು."

ಮಧ್ಯಾಹ್ನ ಮೂರರ ಹೊತ್ತಿಗೆ ಚಳ್ಳಕೆರೆಗೆ ಮರಳಿದೆ. ಬೀಗ ತೆಗೆಯಲು ಕೈ ಎತ್ತಿದವಳು ಹಾಗೇ ನಿಂತೆ. ಮೊಬೈಲು ನನ್ನ ಚೀಲದಲ್ಲಿ ಆರಿ ಬಿದ್ದಿದೆ. ಬಿಂದಿಗೆ ಖಾಲಿ. ಅಮಾವಾಸ್ಯೆ. ಆದರೂ ಮನೆಯೊಳಗೆ ಮಗ್ಗ ಓಡುತ್ತಿತ್ತು. ಟಕ್, ಧಡ್.

ಒಂದೊಂದೇ ಮೆಟ್ಟಿಲು ಹತ್ತಿದೆ. ಹನ್ನೆರಡು ಜನವೂ ತಲೆ ಬಗ್ಗಿಸಿ ಓದುತ್ತಿದ್ದರು. ಬಿಟ್ಟು ಹೋದವರಲ್ಲಿ ನಾಲ್ವರು ವಾಪಸು ಬಂದು ಕೂತಿದ್ದರು. ಮೇಜಿನ ಮೇಲೆ ದೊಡ್ಡಉಳ್ಳಾರ್ತಿ ಹುಡುಗಿಯ ಮೊಬೈಲು. ಅವಳು ನನ್ನನ್ನು ಮೆಟ್ಟಿಲಿಗೆ ಎಳೆದುಕೊಂಡು ಬಂದು ಪಿಸುಗುಟ್ಟಿದಳು.

"ದೆವ್ವ ಇವತ್ತು ಬರಲಿಲ್ಲ ಅಮ್ಮ. ಸದ್ದಿಲ್ದೆ ಒಬ್ರಿಗೂ ಓದು ತಲೆಗೆ ಹತ್ತಲಿಲ್ಲ, ಬಿಟ್ಟು ಹೋದೋರಿಗೂ ಮನೇಲಿ ಹತ್ತಲಿಲ್ಲಂತೆ. ಮೊನ್ನೆ ನಾನು ರೆಕಾರ್ಡ್ ಮಾಡಿಟ್ಕೊಂಡಿದ್ದೆ, ಹಾಕಿದೆ. ಹಿರಿಯರು ಮಲಗದೆ ಓದಿದ್ದು ಇದೇ ಮೊದಲು."

"ಅದು ದೆವ್ವ ಅಲ್ಲ ಕಣೇ. ನಮ್ಮಣ್ಣ," ಎಂದೆ.

"ಗೊತ್ತು, ಬಿಂದಿಗೆ ನೋಡೀನಿ. ಆದ್ರೆ ದೆವ್ವ ಅಂತಾನೇ ಇರ್ಲಿ ಬಿಡಿ. ನಿಮ್ಮಣ್ಣ ಅಂದ್ರೆ ಯಾರು ಎದ್ದು ಓದ್ತಾರೆ?"

೮. ಹೊತ್ತಿಗೆ ಮುಂಚೆ ಬಂದವನು

ತಿಂಗಳೊಳಗೆ ಇಪ್ಪತ್ತೂ ಕುರ್ಚಿ ತುಂಬಿದವು. ತೂಕಡಿಸಲು ಬಿಡದ ದೆವ್ವವಿದೆ ಎಂದು ಊರಿಗೆ ಸುದ್ದಿಯಾಗಿತ್ತು. ಎರಡಕ್ಕೆ ಸದ್ದು ಶುರುವಾದರೆ ನಲವತ್ತು ನಿಮಿಷಕ್ಕೆ ಗದರಿಕೆ ಎಂದು ಎಲ್ಲರಿಗೂ ಬಾಯಿಪಾಠ. ಹಿರಿಯರಂತೂ ಅಷ್ಟು ಹೊತ್ತು ನಿದ್ದೆ ಮಾಡಿ, ಅದು ಗದರಿದ ಕೂಡಲೇ ಎದ್ದು, ಮುಖ ತೊಳೆದು ಓದುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಬೋರ್ಡೂ ಉಳಿದಿತ್ತು, ಕುರ್ಚಿಗಳೂ ಉಳಿದಿದ್ದವು.

ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ಅಣ್ಣ ಹೇಳದೆ ಕೇಳದೆ ಬಂದ. ತನ್ನ ಸದ್ದಿಗೆ ಮರ್ಯಾದೆ ಹೇಗಿದೆ ನೋಡೋಣವೆಂದು, ಅದೇ ಬಿಳೀ ಅಂಗಿ, ಬಿಳೀ ಪಂಚೆಯಲ್ಲಿ, ಬರಿಗಾಲಲ್ಲಿ ಸೀದಾ ಮೆಟ್ಟಿಲು ಹತ್ತಿದ. ಮೊದಲ ಮೇಜಿನಲ್ಲೇ ಹಿರಿಯರು ತಲೆಯಿಟ್ಟು ಮಲಗಿದ್ದಾರೆ. ಅರವತ್ತು ವರ್ಷದ ಅಭ್ಯಾಸ. ಎರಡು ಸಲ ಕೆಮ್ಮಿ ಗದರಿದ: "ಎದ್ದೇಳು! ಮಲಗಾಕೆ ಬಂದೀಯೇನು ಇಲ್ಲಿ?"

ಹಿರಿಯರು ತಲೆ ಎತ್ತದೆ ಗೊಣಗಿದರು: "ಇನ್ನೂ ಹತ್ತು ನಿಮಿಷ ಐತೆ ಹೋಗೋ. ಇವತ್ತು ಯಾಕೆ ಬೇಗ ಬಂದೆ?"

ಅಣ್ಣ ಹೆಗಲ ಮೇಲೆ ಕೈಯಿಟ್ಟ.

ಆಮೇಲೆ ನಾನು ಕಂಡದ್ದು, ಬಾಗಿಲು ತೆರೆದರೆ ಮೆಟ್ಟಿಲ ಮೇಲಿಂದ ಜನ ಅಕ್ಕಿ ಸುರಿದ ಹಾಗೆ ಸುರಿಯುತ್ತಿದ್ದರು. ಗೂಡಿನಲ್ಲಿದ್ದ ಬಿಂದಿಗೆಗೆ ಯಾರದೋ ಕಾಲು ತಾಗಿ ಅದು ಉರುಳುತ್ತ ಬೀದಿಗೆ ಬಂತು. ಮೊಬೈಲು ಹೊರಗೆ ಬಿದ್ದು, ಎಲ್ಲರ ಮುಂದೆ ಎರಡು ಸಲ ಟಕ್ ಧಡ್ ಎಂದು ಸುಮ್ಮನಾಯಿತು. ಬೀದಿಯಲ್ಲಿ ಇಪ್ಪತ್ತು ಜನ ನಿಂತು ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು. ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಮೊಬೈಲು ನನ್ನದು, ಮಗ್ಗ ನಮ್ಮಣ್ಣನದು, ಸದ್ದಿಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ ಎಂದು ಅಷ್ಟೂ ಹೇಳಿಬಿಟ್ಟೆ.

ಹಿರಿಯರು ಏದುಸಿರು ಬಿಡುತ್ತ ಬೋರ್ಡಿನ ಕಡೆ ಬೆರಳು ಮಾಡಿ ಗಟ್ಟಿಯಾಗಿ ಓದಿದರು. "'ಸದ್ದು ಮಾಡುವವರಿಗೆ ಇಲ್ಲಿ ಜಾಗವಿಲ್ಲ.' ಹಂಗಾದ್ರೆ ಅಮ್ಮಾ, ನೀವು ಹೊರಗೆ ಹೋಗಬೇಕಲ್ಲ?"

"ಹೊರಗೇ ನಿಂತಿದ್ದೀನಲ್ಲಪ್ಪ," ಎಂದೆ.

ಯಾರೂ ನಗುವ ಧೈರ್ಯ ಮಾಡಲಿಲ್ಲ. ಅವರು ಮೇಲೆ ಹತ್ತುತ್ತಾರೋ, ಮನೆಗೆ ಹೋಗುತ್ತಾರೋ ಎಂದು ಅವರ ಕಾಲುಗಳನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಮೇಲಿನ ಖಾಲಿ ಹಾಲ್‌ನ ಕಿಟಕಿಯಿಂದ ಒಂದು ಬಿಳೀ ಅಂಗಿ ಬಗ್ಗಿತು. ಮುಖದಲ್ಲಿ ನಿಜವಾದ ಗಾಬರಿಯಿತ್ತು.

"ತಂಗೀ! ಮಗ್ಗ ನಿಂತೋಯ್ತಲ್ಲೇ," ಎಂದ ಅಣ್ಣ. "ಯಾರು ಸತ್ತರು?"

ಮೊದಲು ನಕ್ಕವರು ಹಿರಿಯರು. ಮೊದಲು ಮೆಟ್ಟಿಲು ಹತ್ತಿದವರೂ ಅವರೇ, ಬಿಂದಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು.